ಎರಡೂ ಹತ್ತು

ನಾನು ಲೆಕ್ಕ ಬರೆಯುವ ಕೆಲಸದವಳು. ಯಾವುದೇ ಆಗಲಿ, ಹೊತ್ತು ತಾರೀಖು ಬರೆದಿಟ್ಟುಕೊಳ್ಳುವುದು ಕೈಗೆ ಅಂಟಿದ ಅಭ್ಯಾಸ. ಆ ಶನಿವಾರ ಇಬ್ಬರು ಪೊಲೀಸರು ಮನೆಗೆ ಬಂದು "ಸ್ವಲ್ಪ ವಿಚಾರಿಸೋದಿದೆ, ಬಾ" ಎಂದು ತಮ್ಮನನ್ನು ಕರೆದುಕೊಂಡು ಹೋದಾಗಲೂ ಕೈ ಅದೇ ಕೆಲಸ ಮಾಡಿತು. ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದೆ: ಮಧ್ಯಾಹ್ನ 2.10.

ಹಿಂದಿನ ದಿನ ಚರಂಡಿ ನೀರಿನ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಜಗಳ ಆಗಿತ್ತು. ಇಬ್ಬರೂ ಕೈ ಮಾಡಿದ್ದು ನಿಜ. ಆದರೆ ತಮ್ಮ ಕಬ್ಬಿಣದ ರಾಡಿನಿಂದ ಹೊಡೆದ ಎಂದು ಅವರು ದೂರು ಕೊಟ್ಟಿದ್ದರು. ರಾಡು ಎಂಬ ಒಂದು ಮಾತಿನಿಂದ ಕೇಸಿನ ತೂಕವೇ ಬೇರೆಯಾಗಿತ್ತು.

ನಾನು ವಕೀಲರನ್ನು ಹುಡುಕಲು ಫೋನ್ ಎತ್ತಿಕೊಂಡೆ. ಅಮ್ಮ ನನ್ನ ಕೈ ಹಿಡಿದುಕೊಂಡಳು. "ತಪ್ಪು ಮಾಡಿಲ್ಲ ಅಂದಮೇಲೆ ವಕೀಲರು ಯಾಕೆ? ವಕೀಲರನ್ನ ಇಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ ಆಗಲ್ವಾ?"

ಈ ಮಾತನ್ನು ಆಮೇಲೆ ಕೋರ್ಟಿನ ಮೊಗಸಾಲೆಯಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಸಂವಿಧಾನದ 22ನೇ ವಿಧಿ ಬಂಧನಕ್ಕೆ ಒಳಗಾದ ವ್ಯಕ್ತಿಗೆ ಮೂರು ಮಾತು ಕೊಟ್ಟಿದೆ. ಯಾಕೆ ಹಿಡಿದಿದ್ದಾರೆ ಎಂದು ಬೇಗ ತಿಳಿಸಬೇಕು. ತನಗೆ ಬೇಕಾದ ವಕೀಲರ ಜೊತೆ ಮಾತಾಡಲು ಬಿಡಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತಪ್ಪು ಮಾಡಿದವರಿಗೆ ಇಷ್ಟು, ಮಾಡದವರಿಗೆ ಇಷ್ಟು ಎಂದು ಅಲ್ಲಿ ಎಲ್ಲೂ ಭಾಗ ಮಾಡಿಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ ಗೊತ್ತಾಗುವುದು ಕೊನೆಗೆ ಅಲ್ವಾ? ಅಲ್ಲಿಯವರೆಗೂ ಎಲ್ಲರೂ ಬರೀ ಆರೋಪಿಗಳೇ.

ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರು ಒಬ್ಬ ವಕೀಲರ ನಂಬರ್ ಕೊಟ್ಟರು. ಅವರು ಕೇಳಿದ ಮೊದಲ ಪ್ರಶ್ನೆ ಜಗಳದ ಬಗ್ಗೆ ಅಲ್ಲ. "ಎಷ್ಟು ಗಂಟೆಗೆ ಕರ್ಕೊಂಡು ಹೋದರು?" ಎರಡೂ ಹತ್ತು ಎಂದೆ. "ಎಲ್ಲಾದರೂ ಬರೆದಿಡಿ" ಎಂದರು. ಬರೆದಿದ್ದೇನೆ ಎಂದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಒಳ್ಳೇದು. ಈಗ ಸ್ಟೇಷನ್ನಿಗೆ ಹೋಗಿ ಅಲ್ಲೇ ಕೂತಿರಿ. ಜಗಳ ಆಡಬೇಡಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ" ಎಂದರು.

ಮೂರು ಗಂಟೆಯಿಂದ ಕೂತೆ. ತಮ್ಮ ಒಳಗಿನ ಕೋಣೆಯ ಬೆಂಚಿನ ಮೇಲೆ ಕೂತಿದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ನಾಲ್ಕು ಗಂಟೆಗೂ ಅಲ್ಲೇ ಇದ್ದ. ಐದಕ್ಕೂ ಅಲ್ಲೇ. ಐದೂವರೆಗೆ ನೀರಿನ ಬಾಟಲಿ ಒಳಗೆ ಕೊಟ್ಟು ಕಳಿಸಿದೆ, ಕುಡಿದ. ಎಲ್ಲವನ್ನೂ ಬರೆದುಕೊಂಡೆ. ಒಬ್ಬ ಸಿಬ್ಬಂದಿ ಬಂದು ಮೆಲ್ಲಗೆ, "ಒಪ್ಪಿಕೊಂಡು ಬಿಡಕ್ಕೆ ಹೇಳಮ್ಮ, ಸಂಜೆಗೆ ಮನೆಗೆ ಹೋಗಬಹುದು" ಎಂದರು. ಅಂಥ ಹೊತ್ತಿನಲ್ಲಿ ಅದು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಆದರೆ ಒಪ್ಪಿಕೊಂಡರೆ ಮನೆಗೆ ಕಳಿಸಬೇಕು ಎಂದು ಯಾವ ಕಾನೂನಿನಲ್ಲೂ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಬಲವಂತ ಮಾಡುವಂತಿಲ್ಲ ಎಂದು 20ನೇ ವಿಧಿಯ ಮೂರನೇ ಉಪವಿಧಿ ಹೇಳುತ್ತದೆ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದೂ ಇದೇ ಮಾತಿನ ಆಧಾರದ ಮೇಲೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಕೇಸು ಹೋಗಿದ್ದು ನಮ್ಮ ರಾಜ್ಯದಿಂದಲೇ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತೆಯೂ ಇಲ್ಲ. ಇದರಲ್ಲಿ ಒಂದು ಕಿಂಡಿ ಮಾತ್ರ ಇದೆ. ಆರೋಪಿ ಕೊಟ್ಟ ಸುಳಿವಿನಿಂದ ಒಂದು ವಸ್ತು ಸಿಕ್ಕಿತು ಎಂದು ತೋರಿಸಿದರೆ, ಆ ಸುಳಿವಿನ ಮಾತಷ್ಟು ಸಾಕ್ಷ್ಯವಾಗುತ್ತದೆ. ಈ ಕಿಂಡಿ ಮುಂದೆ ನಮ್ಮ ಕೇಸಿನಲ್ಲೂ ಬಂತು.

ರಾತ್ರಿ ಎಂಟಕ್ಕೆ ದಸ್ತಗಿರಿ ಮೆಮೊ ತಂದರು. ಮನೆಯವರೊಬ್ಬರ ಸಹಿ ಬೇಕು ಎಂದರು. ಮನೆಯವರು ಅಥವಾ ಆ ಜಾಗದ ಮರ್ಯಾದಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು ಎಂಬ ನಿಯಮ ಇದೆ. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಅದು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಕಾನೂನಿನ, 36ನೇ ಕಲಮಿನಲ್ಲಿದೆ. 2024ರ ಜುಲೈ 1ಕ್ಕೆ ಹಳೇ ಕಾನೂನು ಹೋಗಿ ಈ ಸಂಹಿತೆ ಬಂದಿತ್ತು. ನಮ್ಮ ಕೇಸು ಅದಾದ ಕೆಲವೇ ತಿಂಗಳಿಗೆ.

ಒಂದೇ ಹಾಳೆ. ಹೆಸರು, ತಂದೆಯ ಹೆಸರು, ವಯಸ್ಸು, ಕಲಂಗಳು. ಕೆಳಗೆ ದಸ್ತಗಿರಿಯ ಸಮಯ: ಸಂಜೆ 7.30.

ಮೂರು ಸಲ ಓದಿದೆ. ಹೊರಗೆ ಹೋಗಿ ವಕೀಲರಿಗೆ ಫೋನ್ ಮಾಡಿದೆ. ಅವರು ಅಲ್ಲಿಗೆ ಬರುವ ದಾರಿಯಲ್ಲೇ ಇದ್ದರು. "ಸಹಿ ಹಾಕಿ. ಸಹಿಯ ಕೆಳಗೆ ನಿಮಗೆ ಗೊತ್ತಿರುವ ಸಮಯ ಬರೀರಿ" ಎಂದರು. ಒಳಗೆ ಬಂದು ಸಹಿ ಹಾಕಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೆ: "ನನ್ನ ತಮ್ಮನನ್ನು ಈ ದಿನ ಮಧ್ಯಾಹ್ನ 2.10ಕ್ಕೆ ಮನೆಯಿಂದ ಕರೆದೊಯ್ದಿರುತ್ತಾರೆ." ಪೆನ್ನು ಹಿಡಿದ ಬೆರಳು ನಡುಗುತ್ತಿತ್ತು. ಹಾಳೆ ತಗೊಂಡವರು ಓದಿ, ನನ್ನ ಮುಖ ನೋಡಿ, ಏನೂ ಹೇಳದೆ ಒಳಗೆ ಹೋದರು. ಆಮೇಲೆ ಎರಡು ಖಾಲಿ ಹಾಳೆಗೂ ಸಹಿ ಕೇಳಿದರು. ಅದಕ್ಕೆ ಹಾಕಲಿಲ್ಲ.

24 ಗಂಟೆಯ ಲೆಕ್ಕ ಶುರುವಾಗುವುದು ಮನುಷ್ಯನನ್ನು ನಿಜವಾಗಿ ತಡೆದಿಟ್ಟ ಹೊತ್ತಿನಿಂದ. ಕಾಗದದ ಮೇಲೆ ಬರೆದ ಹೊತ್ತಿನಿಂದ ಅಲ್ಲ. ಕೋರ್ಟಿಗೆ ಹೋಗುವ ಪ್ರಯಾಣದ ಸಮಯವನ್ನು ಮಾತ್ರ ಬಿಡುತ್ತಾರೆ. ಭಾನುವಾರ, ರಜೆ ಎಂಬ ನೆಪ ನಡೆಯುವುದಿಲ್ಲ. ರಜೆ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಹೋಗುತ್ತಾರೆ. ತಮ್ಮನನ್ನೂ ಹಾಗೇ ಕರೆದೊಯ್ದಿದ್ದು, ಭಾನುವಾರ ಸಂಜೆ ಐದಕ್ಕೆ. ಮೆಮೊ ಪ್ರಕಾರ ಇನ್ನೂ ಎರಡೂವರೆ ಗಂಟೆ ಬಾಕಿ. ನನ್ನ ನೋಟ್‌ಬುಕ್ಕಿನ ಪ್ರಕಾರ ಹೆಚ್ಚುಕಮ್ಮಿ ಮೂರು ಗಂಟೆ ಮೀರಿತ್ತು.

ಮ್ಯಾಜಿಸ್ಟ್ರೇಟರು ತಮ್ಮನನ್ನೇ ಕೇಳಿದರು: "ಯಾವಾಗ ಕರ್ಕೊಂಡು ಬಂದರು? ಯಾರಾದರೂ ಹೊಡೆದರಾ?" ಈ ಪ್ರಶ್ನೆಗೆ ಹೆದರಿ "ಇಲ್ಲ ಸ್ವಾಮಿ, ಏನೂ ಇಲ್ಲ" ಎಂದುಬಿಡುವವರೇ ಜಾಸ್ತಿ ಎಂದು ವಕೀಲರು ಮೊದಲೇ ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಪೊಲೀಸರಲ್ಲದ ಒಬ್ಬರು ನಿಮ್ಮನ್ನು ಮೊದಲ ಸಲ ಕೇಳುವ ಪ್ರಶ್ನೆ ಅದು. ಹೊಡೆದಿದ್ದರೆ ಹೇಳಿ, ಎಲ್ಲಿ ನೋವಿದೆ ತೋರಿಸಿ. ಬಂಧಿತರಿಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಗಾಯದ ಗುರುತುಗಳನ್ನು ಬರೆದುಕೊಳ್ಳಬೇಕು ಎಂದು ಸಂಹಿತೆಯಲ್ಲೇ ಇದೆ. ತಮ್ಮನಿಗೆ ಯಾರೂ ಹೊಡೆದಿರಲಿಲ್ಲ, ಅದನ್ನೇ ಹೇಳಿದ. ಸಮಯ ಮಾತ್ರ ಸರಿಯಾಗಿ ಹೇಳಿದ. ಅವರು ಬರೆದುಕೊಂಡರು. ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿಡಲು ವಕೀಲರು ಅಲ್ಲೇ ಅರ್ಜಿ ಕೊಟ್ಟರು. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಎಂದು 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಬೇಕು, ಅದೂ ಬೇಗ ಕೇಳಬೇಕು, ಅಷ್ಟೇ.

ಅಸಲಿಗೆ ತಮ್ಮನನ್ನು ಹಿಡಿಯುವ ಅಗತ್ಯವೇ ಇರಲಿಲ್ಲ ಎಂಬುದು ವಕೀಲರ ಇನ್ನೊಂದು ವಾದ. ಏಳು ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ಸುಮ್ನೆ ಹಿಡಿಯುವಂತಿಲ್ಲ, ಯಾಕೆ ಹಿಡಿಯಬೇಕು ಎಂದು ಕಾರಣ ಬರೆಯಬೇಕು. ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಗಟ್ಟಿಯಾಗಿ ಹೇಳಿತು. ನಿಮಗೆ ಅಂಥ ನೋಟಿಸ್ ಬಂದರೆ ಹೆದರಿ ಊರು ಬಿಡಬೇಡಿ. ಕರೆದ ದಿನ ವಕೀಲರನ್ನು ಕೇಳಿಕೊಂಡು ಹೋಗಿ. ಹೋಗದೇ ಇದ್ದರೆ ಅದೇ ಹಿಡಿಯಲು ಕಾರಣವಾಗುತ್ತದೆ. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ವಿಡಿಯೊ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಎನ್ನುವವರು ಕಳ್ಳರು. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಫೋನ್ ಇಡಿ.

ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿತು. ನಮ್ಮ ಕಾಲಕ್ಕೆ ಇಷ್ಟು ಸ್ಪಷ್ಟ ಇರಲಿಲ್ಲ. ಈಗ ಇದೆ. ಕನ್ನಡದಲ್ಲಿ ಕೊಡಿ ಎಂದು ಕೇಳಿ.

ಮೂರನೇ ದಿನ ಜಾಮೀನು ಆಯಿತು. ಆದೇಶ ಬಂತು, ತಮ್ಮ ಬರಲಿಲ್ಲ! ಶ್ಯೂರಿಟಿ, ಅಂದರೆ ಅವನ ಪರವಾಗಿ ಹೊಣೆ ನಿಲ್ಲುವವರು ಬೇಕು, ಪಹಣಿ ಬೇಕು, ಪಹಣಿ ಇದ್ದವರು ಕೋರ್ಟಿಗೆ ಬರಬೇಕು. ಕೊನೆಗೆ ದೂರದ ಸಂಬಂಧಿಯೊಬ್ಬರು ಕೆಲಸ ಬಿಟ್ಟು ಬಂದು ನಿಂತರು. 1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಕೋರ್ಟಿನವರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು, ಅವನ ಸಹೋದರ ಶ್ಯೂರಿಟಿ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಮೊತ್ತವನ್ನು ತೆಗೆದುಹಾಕಿ, ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದರು. ಅದಾಗಿ ಇಷ್ಟು ವರ್ಷವಾದರೂ ಶ್ಯೂರಿಟಿ ಸಿಗದೆ ಒಳಗೇ ಉಳಿದವರು ಇದ್ದಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ಇನ್ನೂ ತೀರ್ಪೇ ಆಗದವರು. ಈ ಅಂಕಿ ಓದಿದಾಗ ನನಗೆ ಆ ಮೂರು ರಾತ್ರಿ ನೆನಪಾಗುತ್ತದೆ.

ಕೋರ್ಟಿನ ಮೊಗಸಾಲೆಯಲ್ಲಿ ಒಬ್ಬ ಹೆಂಗಸು ಸಿಕ್ಕಿದ್ದರು. ಗಂಡ ಐದು ತಿಂಗಳಿಂದ ಒಳಗೆ. ವಕೀಲರ ಫೀಸು ಹೊಂದಿಸಲು ಆಗಿರಲಿಲ್ಲ. ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಹಾಗೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಮಾತು ಇದು. ಸಹಾಯವಾಣಿ 15100. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇತ್ತು, ನಾನೇ ಅವರನ್ನು ಕರೆದುಕೊಂಡು ಹೋದೆ. ಐದು ತಿಂಗಳು ಅವರು ದಾಟಿ ಹೋಗುತ್ತಿದ್ದ ಬಾಗಿಲು ಅದು. 60 ದಿನದಲ್ಲಿ, ದೊಡ್ಡ ಅಪರಾಧಗಳಲ್ಲಿ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ, ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು. ದಿನ ಎಣಿಸುವವರು ಒಬ್ಬರು ಹೊರಗೆ ಇರಬೇಕು.

ನಮ್ಮ ಚಾರ್ಜ್‌ಶೀಟ್ ಬಂತು. ಅದರ ಪ್ರತಿ ಆರೋಪಿಗೆ ಪುಕ್ಕಟೆ ಕೊಡಬೇಕು, ಕೊಟ್ಟರು. ಒಂದು ರಾತ್ರಿ ಅಡುಗೆಮನೆಯ ದೀಪದ ಕೆಳಗೆ ಕೂತು, ಲೆಕ್ಕದ ಪುಸ್ತಕ ತಾಳೆ ನೋಡುವ ಹಾಗೆ ಹಾಳೆ ಹಾಳೆ ಓದಿದೆ. ಒಂದು ಮಹಜರಿನ, ಅಂದರೆ ಸಾಕ್ಷಿಗಳ ಮುಂದೆ ಬರೆದ ಜಪ್ತಿಯ ದಾಖಲೆಯ, ಮೇಲೆ ಬೆರಳು ನಿಂತಿತು. ಆರೋಪಿ ತೋರಿಸಿಕೊಟ್ಟ ಜಾಗದಿಂದ ರಾಡು ವಶಪಡಿಸಿಕೊಳ್ಳಲಾಗಿದೆ. ಸಮಯ: ಸಂಜೆ 5ರಿಂದ 5.45.

ದಸ್ತಗಿರಿ 7.30ಕ್ಕೆ. ರಾಡು 5ಕ್ಕೆ. ಐದೂವರೆಗೆ ತಮ್ಮ ಠಾಣೆಯ ಬೆಂಚಿನ ಮೇಲೆ ಕೂತು ನಾನು ಕೊಟ್ಟ ನೀರು ಕುಡಿಯುತ್ತಿದ್ದ.

ವಕೀಲರಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಅವರ ಹತ್ತಿರ ಏನನ್ನೂ ಮುಚ್ಚಿಡಬಾರದು ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆವು. ತಮ್ಮ ತಾನೂ ಕೈ ಮಾಡಿದ್ದನ್ನು, ಬೈದ ಮಾತನ್ನು ಎಲ್ಲ ಹೇಳಿದ್ದ. ವಕೀಲರಿಗೆ ಹೇಳಿದ ಮಾತು ಅವರಿಂದ ಆಚೆ ಹೋಗುವಂತಿಲ್ಲ, ಅದಕ್ಕೂ ಕಾನೂನಿನ ರಕ್ಷಣೆ ಇದೆ.

ಆರೋಪ ಓದಿ ಹೇಳಿದ ದಿನ ಯಾರೋ ಪಕ್ಕದಲ್ಲಿ, "ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿ" ಎಂದರು. ವಾಯಿದೆಗೆ ಅಲೆದು ಸಾಕಾಗಿತ್ತು, ನಿಜ. ಆದರೆ ಒಪ್ಪಿಕೊಂಡರೆ ಅದು ಶಿಕ್ಷೆಯೇ. ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅದು ಅಡ್ಡ ಬಂದು ನಿಲ್ಲಬಹುದು. ತಮ್ಮ ಒಪ್ಪಲಿಲ್ಲ.

ನಮ್ಮ ವಕೀಲರ ಪಾಟೀಸವಾಲಿನಲ್ಲಿ ಒಬ್ಬ ಪಂಚ, ಅಂದರೆ ಆ ಮಹಜರಿನ ಸಾಕ್ಷಿ, ತಾನು ಸಹಿ ಹಾಕಿದ್ದು ಠಾಣೆಯಲ್ಲಿ ಎಂದ. ತನಿಖಾಧಿಕಾರಿಯನ್ನು ವಕೀಲರು ದನಿ ಏರಿಸದೆ ಕೇಳಿದರು. ಹೊಸ ಸಂಹಿತೆ ಹೇಳುವ ಹಾಗೆ ಜಪ್ತಿಯ ವಿಡಿಯೊ ಮಾಡಿದ್ದೀರಾ? ಇಲ್ಲ. 5 ಗಂಟೆಗೆ ಆರೋಪಿ ನಿಮ್ಮ ಜೊತೆ ಇದ್ದನಾ? ಇದ್ದ. ಹಾಗಾದರೆ 7.30 ಎಂದು ಮೆಮೊದಲ್ಲಿ ಯಾಕಿದೆ? ಮೆಮೊ ಅವರ ಕೈಗೆ ಕೊಟ್ಟರು. ಅವರು ನನ್ನ ಸಣ್ಣ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಕಣ್ತಪ್ಪು ಇರಬಹುದು" ಎಂದರು. ಟೈಪಿಸ್ಟ್ ಅದನ್ನು ಹಾಗೇ ಹೊಡೆದರು.

ತಮ್ಮನಿಗೆ ಖುಲಾಸೆ ಆಯಿತು. ತೀರ್ಪಿನ ಪ್ರತಿ ಕೈಗೆ ಬಂದಾಗ ಅವನು ಕೊನೇ ಪುಟ ತೆಗೆಯಲಿಲ್ಲ. ಮೊದಲಿನಿಂದ ಬೆರಳಿಟ್ಟು ಹುಡುಕುತ್ತಾ ಹೋದ. ಏಳನೇ ಪುಟದಲ್ಲಿ ಸಿಕ್ಕಿತು. ಮಧ್ಯಾಹ್ನ 2.10.