ಷರಾ ಕಾಲಂನ ‘ಪರಿಗಣಿಸಲಾಗಿದೆ’: ಯೋಜಕರು ಕೂತು ಬಿಡಿಸಬೇಕಾದ ಗಂಟು

ಮಹಾಯೋಜನೆಯ (ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್) ಕರಡು ಪ್ರಕಟಿಸಿದ ಮೇಲೆ ಜನರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು ಅನ್ನುತ್ತದೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಬಂದ ಅರ್ಜಿಗಳನ್ನು ತಾವು ಹೇಗೆ ಓದಿದೆವು ಎಂದು ಯೋಜಕರು ಆಮೇಲೆ ಒಟ್ಟಿಗೆ ಕೂತು ನೋಡಿಕೊಳ್ಳುವುದು ಅಪರೂಪ. ಕೂತರೂ ‘ಸಾರ್ವಜನಿಕ ಸಭೆ ಹೇಗಾಯ್ತು?’ ಎಂದು ಶುರುವಾಗಿ, ‘ಚೆನ್ನಾಗೇ ಆಯ್ತು ಸರ್’ ಎಂದು ಐದು ನಿಮಿಷಕ್ಕೆ ಮುಗಿಯುತ್ತದೆ.

ಅದರ ಬದಲು ಅರ್ಜಿಗಳನ್ನೇ ಮೇಜಿನ ಮೇಲಿಡಿ. ಸಾರಾಂಶದ ಪಟ್ಟಿ ಬೇಡ. ಹೆಸರು, ಫೋನ್ ನಂಬರ್ ಮುಚ್ಚಿದ ಜೆರಾಕ್ಸ್ ಪ್ರತಿ ಬೇಕು. ಎಂಟು ಜನ, ಎರಡು ಗಂಟೆ, ಆರು ಅರ್ಜಿ. ಅದಕ್ಕಿಂತ ಹೆಚ್ಚಾದರೆ ಓಟ ಶುರುವಾಗುತ್ತದೆ. ಒಪ್ಪಿದ್ದು ಎರಡು, ತಿರಸ್ಕರಿಸಿದ್ದು ಎರಡು, ಷರಾ ಕಾಲಂನಲ್ಲಿ ‘ಪರಿಗಣಿಸಲಾಗಿದೆ’ ಎಂದಷ್ಟೇ ಬರೆದದ್ದು ಎರಡು. ಅರ್ಧ ಸಮಯ ಈ ಕೊನೆಯ ಜೋಡಿಗೇ ಹೋಗಲಿ.

ಒಬ್ಬರು ಅರ್ಜಿಯನ್ನು ಗಟ್ಟಿಯಾಗಿ ಓದಲಿ. ನಕ್ಷೆ ಮಾಡಿದವರು ಹಳೆ ಹಾಳೆ, ಹೊಸ ಹಾಳೆ ಎರಡನ್ನೂ ಬಿಚ್ಚಿ, ಯಾವ ಗೆರೆ ಸರಿದಿದೆ ಎಂದು ಬೆರಳಿಟ್ಟು ತೋರಿಸಲಿ. ಸರಿದಿಲ್ಲವೆಂದರೆ ಅರ್ಜಿದಾರರಿಗೆ ಏನು ಉತ್ತರ ಹೋಯಿತು? ‘ಮಳೆ ಬಂದರೆ ನಮ್ಮ ಬೀದಿಗೆ ನೀರು ನುಗ್ಗುತ್ತೆ’ ಎಂಬ ಅರ್ಜಿ ತಗೊಳ್ಳಿ. ಭೂಬಳಕೆ ನಕ್ಷೆಯಲ್ಲಿ ಇದಕ್ಕೆ ಬಣ್ಣವಿಲ್ಲ, ಹಾಗಾಗಿ ‘ಪರಿಗಣಿಸಲಾಗಿದೆ’. ಆದರೆ ಆ ಬೀದಿಯ ಮೇಲ್ಗಡೆ ಕೆರೆಗೆ ನೀರು ಹರಿದು ಬರುವ ಜಾಗಕ್ಕೆ ಕರಡು ವಸತಿಯ ಹಳದಿ ಬಳಿದಿದ್ದರೆ, ಅದು ಮಹಾಯೋಜನೆಯದೇ ವಿಷಯ. ಬರೀ ಚರಂಡಿಯ ಹೂಳಾಗಿದ್ದರೆ ನಗರಸಭೆಗೆ ಪತ್ರ ಬರೆದು, ಪ್ರತಿಯನ್ನು ಅರ್ಜಿದಾರರಿಗೂ ಕಳಿಸಬೇಕಿತ್ತು. ಯಾವುದೆಂದು ಯಾರಾದರೂ ನೋಡಿದ್ದರೇ?

ಇನ್ನೊಂದು ವಿಂಗಡಣೆಯೂ ಇರಲಿ: ಸರ್ವೆ ನಂಬರ್ ಇರುವ ಅರ್ಜಿ, ಇಲ್ಲದ ಅರ್ಜಿ. ಜಮೀನಿದ್ದವರು ನಂಬರ್ ಹಾಕಿ ಬರೆಯುತ್ತಾರೆ. ಬಾಡಿಗೆಯವರು, ತಳ್ಳುಗಾಡಿಯವರು ಬರೆಯುವುದೇ ಕಡಿಮೆ. ಅದನ್ನು ‘ಆಕ್ಷೇಪಣೆ ಇಲ್ಲ’ ಎಂದು ಓದಿಕೊಳ್ಳುವುದು ಮಾಮೂಲಿ ತಪ್ಪು. (ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಕೊಟ್ಟ, ತೀರ್ಮಾನಗಳಲ್ಲಿ ಜನರಿಗೆ ಎಷ್ಟು ಪಾಲು ಸಿಗುತ್ತಿದೆ ಎಂದು ಅಳೆಯುವ ಎಂಟು ಮೆಟ್ಟಿಲಿನ ಏಣಿಯನ್ನು ಮೊದಲೇ ಗೋಡೆಗೆ ಅಂಟಿಸಬೇಡಿ. ನಾವು ಎಷ್ಟನೇ ಮೆಟ್ಟಿಲು ಎಂಬ ವಾದದಲ್ಲೇ ಹೊತ್ತು ಹೋಗುತ್ತದೆ.)

ಹಿರಿಯ ಅಧಿಕಾರಿ ಕೊನೆಯ ಇಪ್ಪತ್ತು ನಿಮಿಷಕ್ಕೆ ಬಂದರೆ ಸಾಕು. ಮೊದಲಿನಿಂದ ಕೂತರೆ ಕಿರಿಯರು ಬಾಯಿ ಬಿಡುವುದಿಲ್ಲ. ಟಿಪ್ಪಣಿಯಲ್ಲಿ ಯಾರು ಏನಂದರು ಎಂದು ಬರೆಯಬೇಡಿ. ಮುಂದಿನ ಸಲ ಬದಲಾಗಬೇಕಾದದ್ದು ಮಾತ್ರ, ಅರ್ಧ ಪುಟ: ನಕ್ಷೆಯಲ್ಲಿ ದೇವಸ್ಥಾನ, ಶಾಲೆ, ಬಸ್ ಸ್ಟಾಪಿನ ಹೆಸರು ಹಾಕುವುದು, ವಿಚಾರಣೆ ಭಾನುವಾರ ಇಡುವುದು, ಹೀಗೆ. ಆ ಹಾಳೆ ಪರಿಷ್ಕರಣೆಯ ಕಡತದಲ್ಲಿ ಮೊದಲ ಪುಟವಾಗಿ ಸೇರಲಿ. ಪರಿಷ್ಕರಣೆ ಹತ್ತು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಅಲ್ಲಿ ಕೂತಿದ್ದವರೆಲ್ಲ ವರ್ಗವಾಗಿ ಹೋಗಿರುತ್ತಾರೆ.