ಜೋಳದ ಡಬ್ಬಿಯಲ್ಲಿ ಸಿಕ್ಕ ಅಲೆ: ಮೂರನೇ ತಿಂಗಳು

ದೂರದ ಗುಡುಗಿನ ಮೋಡ ಗಾಳಿಯಲ್ಲಿ ಎಬ್ಬಿಸುವ ಅಲೆಯನ್ನು ಮನೆಯಲ್ಲೇ ಹಿಡಿಯಲು ಹೊರಟು ಇದು ಮೂರನೇ ತಿಂಗಳು. ಮೊದಲು ಒಳ್ಳೆ ಸುದ್ದಿ. ಕಲಬುರಗಿಯ ನಮ್ಮ ಮನೆಯ ಗಾಳಿಯೊತ್ತಡ ಅಳೆಯುವ ಡಬ್ಬಿ ಈಗ ಬಾಗಿಲು ಬಡಿದಾಗೆಲ್ಲ ಬೆಚ್ಚಿಬೀಳುವುದಿಲ್ಲ.

ಶುರುವಿನಲ್ಲಿ ಒತ್ತಡ ಅಳೆಯುವ ಬಿಎಂಪಿ280 ಸೆನ್ಸರನ್ನು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕಟ್ಟಿ ಮಾಳಿಗೆ ಮೇಲೆ ಇಟ್ಟಿದ್ದೆ. ಸ್ವಲ್ಪ ಗಾಳಿ ಬೀಸಿದರೂ ಗ್ರಾಫ್ ಬಾಚಣಿಗೆ ಹಲ್ಲಿನಂತೆ ಬರುತ್ತಿತ್ತು. ಒತ್ತಡ ಅಳೆಯಲಿಕ್ಕೆ ಹೊರಗೇ ಇಡಬೇಕು ಅಂತೇನಿಲ್ಲ, ಒಳಗೂ ಹೊರಗೂ ಒಂದೇ. ಒಳಗೆ ತಂದೆ. ಆಗ ಬಾಗಿಲು, ಫ್ಯಾನು, ಅವ್ವನ ಅಲ್ಮಾರಿ, ಎಲ್ಲವೂ ದಾಖಲಾಗತೊಡಗಿದವು. ಕೊನೆಗೆ ಖಾಲಿ ಜೋಳದ ಡಬ್ಬಿಗೆ ಹಾಕಿ, ಮುಚ್ಚಳದ ಸಂದಿಗೆ ಟೇಪ್ ಸುತ್ತಿ, ಒಂದೇ ಒಂದು ಸೂಜಿ ತೂತು ಬಿಟ್ಟೆ. ಸೆಕೆಂಡಿನೊಳಗೆ ಬಂದುಹೋಗುವ ಗಾಳಿಯ ಪೆಟ್ಟು ಆ ತೂತಿನಲ್ಲಿ ನುಗ್ಗಲಾರದು. ನಿಮಿಷಗಟ್ಟಲೆ ನಿಧಾನಕ್ಕೆ ಏರಿಳಿಯುವುದು ಮಾತ್ರ ಒಳಗೆ ಬರುತ್ತದೆ. ಡಬ್ಬಿ ಬಿಸಿಯಾದರೆ ಒಳಗಿನ ಒತ್ತಡ ಸುಳ್ಳು ಹೇಳುತ್ತದೆ, ಅದಕ್ಕೆ ಹಳೆ ಕೌದಿ ಸುತ್ತಿದೆ. "ಜ್ವಾಳದ ಡಬ್ಬಿಗಿ ಚಳಿ ಆಗ್ಲಕತ್ತದೇನೋ?" ಅಂತ ಅವ್ವ ಕೇಳಿದಳು.

ಪರೀಕ್ಷೆ ಮಾಡಿದ್ದು ಸರಳವಾಗಿ. ನೆಲದ ಮೇಲಿದ್ದ ಡಬ್ಬಿಯನ್ನು 2 ಮೀಟರ್ ಮೇಲಿನ ಅಟ್ಟಕ್ಕೆ ಎತ್ತಿಟ್ಟೆ. ಗ್ರಾಫ್ ಸುಮಾರು 22 ಪ್ಯಾಸ್ಕಲ್ ಇಳಿದು ನಿಂತಿತು. ಲೆಕ್ಕಕ್ಕೆ ಸರಿಯಾಗಿದೆ. ಈ ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಹುಡುಕುತ್ತಿರುವುದು ಗುರುತ್ವ ಅಲೆ. ಕಪ್ಪುರಂಧ್ರಗಳು ಡಿಕ್ಕಿ ಹೊಡೆದಾಗ ಬರುವ ಗುರುತ್ವಾಕರ್ಷಣ ಅಲೆ ಬೇರೆ. ನನ್ನ ಅಳಿಯ ನಾನು ಅದನ್ನೇ ಹಿಡಿಯುತ್ತಿದ್ದೇನೆ ಅಂತ ಶಾಲೆಯಲ್ಲೆಲ್ಲ ಹೇಳಿ ಬಂದಿದ್ದಾನೆ! ಇಲ್ಲಿ ನಡೆಯುವುದು ಒಲೆ ಮೇಲಿನ ಕಥೆ. ಅನ್ನ ಕುದಿಯುವಾಗ ಮುಚ್ಚಳ ಎದ್ದು ಬೀಳುತ್ತದಲ್ವಾ, ಹಾಗೆ ಗುಡುಗಿನ ಮೋಡ ಮೇಲಿನ ಸ್ಥಿರ ಗಾಳಿಯ ಪದರವನ್ನು ಗುದ್ದುತ್ತದೆ. ಎದ್ದ ಗಾಳಿ ಭಾರಕ್ಕೆ ಕೆಳಗಿಳಿಯುತ್ತದೆ, ಜಾಸ್ತಿ ಇಳಿದು ಮತ್ತೆ ಏಳುತ್ತದೆ. ಆ ತೂಗಾಟ ಸುತ್ತಲೂ ಹರಡುತ್ತದೆ. ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿಯೂ ಪದರಪದರವಾಗಿ ಸುಮ್ನೆ ನಿಲ್ಲುವುದರಿಂದ ಅಲೆ ದೂರ ಹೋಗಬಹುದು. ಹಗಲಲ್ಲಿ ನಮ್ಮ ಬಿಸಿಲು ಎಲ್ಲವನ್ನೂ ಕಲಕಿಬಿಡುತ್ತದೆ.

ಮೇ ತಿಂಗಳ ಆ ರಾತ್ರಿ ಸೊಲ್ಲಾಪುರದ ದಿಕ್ಕಿಗೆ ಮಿಂಚು. ಇಲ್ಲಿ ತಲೆ ಮೇಲೆ ನಕ್ಷತ್ರ, ಎಲೆ ಅಲ್ಲಾಡುತ್ತಿಲ್ಲ. ಒತ್ತಡ ದಿನಕ್ಕೆ ಎರಡು ಸಲ ತಾನಾಗೇ ಏರಿಳಿಯುತ್ತದೆ, ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು. ಆ ಏರಿಳಿತವನ್ನು ಕಳೆದು ನೋಡಿದರೆ ಉಳಿದದ್ದು ನಾಲ್ಕು ಉಬ್ಬು. 14 ನಿಮಿಷಕ್ಕೊಂದು, ದೊಡ್ಡದು 18 ಪ್ಯಾಸ್ಕಲ್. ಡಬ್ಬಿಯನ್ನು ಯಾರೋ ಅಟ್ಟಕ್ಕೆ ಇಟ್ಟು ಇಳಿಸಿ, ಇಟ್ಟು ಇಳಿಸಿ ಮಾಡಿದಷ್ಟು. ಉಷ್ಣಾಂಶ ಕದಲಿಲ್ಲ, ಗಾಳಿ ಬೀಸಲಿಲ್ಲ.

ನಾಲ್ಕು ದಿನ ಬಿಟ್ಟು ಮಳೆ ನಮ್ಮ ತಲೆ ಮೇಲೇ ಬಂತು. ಒತ್ತಡ ಒಮ್ಮೆಲೇ 160 ಪ್ಯಾಸ್ಕಲ್ ಜಿಗಿದು, ಉಷ್ಣಾಂಶ 7 ಡಿಗ್ರಿ ಬಿತ್ತು. ನೋಡಲಿಕ್ಕೆ ಭರ್ಜರಿ, ಆದರೆ ಅಲೆ ಅಲ್ಲ. ಮೋಡದಿಂದ ಸುರಿದ ತಣ್ಣನೆ ಗಾಳಿಯ ಭಾರ ಅಷ್ಟೇ. ಏಪ್ರಿಲ್‌ನಲ್ಲಿ ಇಂಥದ್ದನ್ನೇ ಅಲೆ ಅಂತ ಕುಣಿದಾಡಿದ್ದೆ.

ಎರಡನೇ ಡಬ್ಬಿ ಚಿಂಚೋಳಿ ಹತ್ತಿರ ಅಕ್ಕನ ಮನೆಯಲ್ಲಿದೆ. ನೇರಕ್ಕೆ 65 ಕಿಲೋಮೀಟರ್ ಇರಬಹುದು. ಸೊಲ್ಲಾಪುರದ ಮಿಂಚಿನ ರಾತ್ರಿ ಅಲ್ಲೂ 14 ನಿಮಿಷದ ಅಂತರದಲ್ಲಿ ಮೂರು ಉಬ್ಬು ಬಂದಿವೆ, 50 ನಿಮಿಷ ತಡವಾಗಿ. ಸೆಕೆಂಡಿಗೆ ಸುಮಾರು 22 ಮೀಟರ್, ಹೈವೇಯಲ್ಲಿ ಲಾರಿ ಓಡುವ ವೇಗ. ಖುಷಿಯಿಂದ ಸ್ಟೇಟಸ್ ಹಾಕಿ, ಅರ್ಧ ಗಂಟೆಯಲ್ಲಿ ತೆಗೆದೆ. ಯಾಕೆಂದರೆ ಉಬ್ಬುಗಳೆಲ್ಲ ಒಂದೇ ಥರ ಇವೆ. ನನ್ನ ಮೊದಲನೆಯದು ಅಲ್ಲಿನ ಎರಡನೆಯದಾಗಿದ್ದರೆ? ತಡ 50 ಅಲ್ಲ, 64 ನಿಮಿಷ. ಅಥವಾ 36. ವೇಗ ಸೆಕೆಂಡಿಗೆ 17ರಿಂದ 30 ಮೀಟರ್‌ವರೆಗೆ ಏನೂ ಆಗಬಹುದು! ಒಂದು ಉಬ್ಬಿನಿಂದ ಇನ್ನೊಂದಕ್ಕೆ 18 ಕಿಲೋಮೀಟರ್ ಇದ್ದರೆ, ಗುರುತು ತಪ್ಪದಿರಲು ಡಬ್ಬಿಗಳು ಅದರ ಅರ್ಧ, ಅಂದರೆ 9 ಕಿಲೋಮೀಟರ್‌ಗಿಂತ ಹತ್ತಿರ ಇರಬೇಕು. ದೂರ ಇಟ್ಟಷ್ಟೂ ಒಳ್ಳೆಯದು ಅಂದುಕೊಂಡದ್ದೇ ತಪ್ಪು.

ಕ್ಯಾಮೆರಾ ಕೆಲಸ ಹಿಂದೆ ಬಿದ್ದಿದೆ. ಈ ಅಲೆಗಳು ಮೇಲೇರಿದಂತೆ ಗಾಳಿ ತೆಳುವಾಗಿ ಅವು ದೊಡ್ಡದಾಗುತ್ತವೆ. 95 ಕಿಲೋಮೀಟರ್ ಆಸುಪಾಸಿನಲ್ಲಿ ಆಮ್ಲಜನಕ ಬೀರುವ ಮಂದ ಹಸಿರು ಬೆಳಕಿನಲ್ಲಿ ಅವು ಪಟ್ಟೆಯಾಗಿ ಕಾಣಬೇಕು. ಮೋಡ 200 ಕಿಲೋಮೀಟರ್ ದೂರ ಇದ್ದರೆ, ಕೈ ಚಾಚಿ ಮುಷ್ಟಿ ಹಿಡಿದು ದಿಗಂತದಿಂದ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ ನೋಡಬೇಕು. ಊರಿನ ದೀಪದಲ್ಲಿ ಆಗದ ಮಾತು. ಅಕ್ಕನ ಮನೆ ಮಾಳಿಗೆ ಮೇಲೆ ಟ್ರೈಪಾಡ್ ಇಟ್ಟಾಗ ಅವರ ಮಾವ ಬಂದು, "ಸಿಡ್ಲು ಅಲ್ಲೆಲ್ಲೋ ಬೀಳ್ಲಕತ್ತದ, ನೀ ಖಾಲಿ ಆಕಾಶ ತೆಗೀತಿ ಅಲ್ಲೋ ತಮ್ಮಾ" ಅಂದರು. ಅದೇ ವಿಷಯ ಮಾವಾ, ಖಾಲಿ ಇದ್ದರೇ ಕಾಣುವುದು. ಹಸಿರು ಪಟ್ಟೆ ಬಂದಿದೆ, ನಕ್ಷತ್ರಗಳನ್ನು ಮುಚ್ಚಿಲ್ಲ, ಅಂದರೆ ಮೋಡ ಅಲ್ಲ. ಆದರೆ ಪಟ್ಟೆ ನೇರವಾಗಿದೆ. ಒಂದೇ ಮೋಡದಿಂದ ಹೊರಟಿದ್ದರೆ ಬಳೆಯ ತುಂಡಿನಂತೆ ಬಾಗಿರಬೇಕಿತ್ತು. ಹಾಗಾಗಿ ಇದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಮುಂದಿನ ಎರಡು ಡಬ್ಬಿ ಊರೊಳಗೇ, ತ್ರಿಕೋನವಾಗಿ, ಇಬ್ಬರು ಗೆಳೆಯರ ಮನೆಯಲ್ಲಿ. ಮೂರು ಇದ್ದರೆ ದಿಕ್ಕೂ ಸಿಗುತ್ತದೆ. ಜೋಳದ ಡಬ್ಬಿ ಇನ್ನೊಂದು ಕೊಡಲ್ಲ ಅಂತ ಅವ್ವ ಖಡಾಖಂಡಿತ ಹೇಳಿದ್ದಾಳೆ. ಎರಡು ಎಣ್ಣೆ ಡಬ್ಬಿ ತೊಳೆದು ಮಾಳಿಗೆ ಮೇಲೆ ಒಣಹಾಕಿದ್ದೇನೆ.