ಪಿಸಿಆರ್ ಕಿಟ್ ನಂಬುವ ಮುನ್ನ

ರೋಗಾಣುವಿನ ಜೀನನ್ನು ಮತ್ತೆ ಮತ್ತೆ ನಕಲು ಮಾಡಿ ಪತ್ತೆಹಚ್ಚುವ ಪರೀಕ್ಷೆ ಪಿಸಿಆರ್. ಅದರ ಹೊಸ ಕಿಟ್ ಬಂದಾಗ ನಾವು ಮೊದಲು ಅಳೆಯುವುದು ಪತ್ತೆಯ ಕನಿಷ್ಠ ಮಿತಿ, ಅಂದರೆ ಕಿಟ್ ನಂಬಿಕೆಯಿಂದ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ. ಪ್ರಮಾಣ ಗೊತ್ತಿರುವ ಮಾದರಿಯನ್ನು ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತಾ ಹೋಗಿ. ಪ್ರತಿ ಹಂತಕ್ಕೆ ಸಿಟಿ ಮೌಲ್ಯ (ಜೀನ್ ಪತ್ತೆಯಾಗಲು ಬೇಕಾದ ನಕಲು ಸುತ್ತುಗಳ ಸಂಖ್ಯೆ) ಸುಮಾರು 3.3 ಏರಬೇಕು. ಮಿತಿಯೆಂದು ತೋರಿದ ಸಾಂದ್ರತೆಯನ್ನು 20 ಸಲ ಓಡಿಸಿ, ಕನಿಷ್ಠ 19 ಪಾಸಿಟಿವ್ ಬಂದರೆ ಒಪ್ಪಿಕೊಳ್ಳಿ.

ತೆಳುಗೊಳಿಸಲು ಬರೀ ನೀರು ಬಳಸಿದರೆ ನಿಮಗೆ ನೀವೇ ಮೋಸ ಮಾಡಿಕೊಂಡಂತೆ. ಕಫ, ರಕ್ತದಲ್ಲಿರುವ, ಪಿಸಿಆರ್‌ಗೆ ತಡೆಯೊಡ್ಡುವ ಅಡ್ಡಿಕಾರಕಗಳು ನೀರಿನಲ್ಲಿ ಎಲ್ಲಿರುತ್ತವೆ? ರೋಗಾಣುವಿಲ್ಲದ ಅದೇ ಬಗೆಯ ಮಾದರಿಯಲ್ಲೇ ಬೆರೆಸಿ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ವಸ್ತು) ಇರುವ ಟ್ಯೂಬಿನ ರಕ್ತವಂತೂ ಬೇಡ, ಹೆಪಾರಿನ್ ಡಿಎನ್‌ಎ ನಕಲು ಮಾಡುವ ಕಿಣ್ವವಾದ ಪಾಲಿಮರೇಸನ್ನೇ ತಡೆಯುತ್ತದೆ. ಗುರಿ ಜೀನ್ ಜೊತೆ ಇಂಟರ್ನಲ್ ಕಂಟ್ರೋಲ್ (ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಒಳ ಗುರುತು) ಕೂಡ ಪತ್ತೆಯಾಗದಿದ್ದರೆ ಫಲಿತಾಂಶ ನೆಗೆಟಿವ್ ಅಲ್ಲ, ಅಮಾನ್ಯ.

ನಿರ್ದಿಷ್ಟತೆ (ಸೋಂಕಿಲ್ಲದವರಲ್ಲಿ ಸರಿಯಾಗಿ ನೆಗೆಟಿವ್ ಬರುವ ಪಾಲು) 99% ಎಂದಾಕ್ಷಣ ಹಿಗ್ಗಬೇಡಿ. 10,000 ಜನರಲ್ಲಿ 100 ಮಂದಿಗೆ ಸೋಂಕು, ಸಂವೇದನಾಶೀಲತೆ (ಸೋಂಕಿರುವವರಲ್ಲಿ ಪಾಸಿಟಿವ್ ಬರುವ ಪಾಲು) 95% ಎಂದುಕೊಳ್ಳಿ: ನಿಜ ಪಾಸಿಟಿವ್ 95, ಸುಳ್ಳು ಪಾಸಿಟಿವ್ 99! ಲಕ್ಷಣವಿಲ್ಲದವರನ್ನೆಲ್ಲ ಪರೀಕ್ಷಿಸುವಾಗ ಈ ಲೆಕ್ಕ ಕಾಡುತ್ತದೆ.

ಇನ್ನೊಂದು: ಸತ್ತ ರೋಗಾಣುವಿನ ಡಿಎನ್‌ಎಯೂ ಪಾಸಿಟಿವ್ ಕೊಡುತ್ತದೆ. ಕ್ಷಯದ ಚಿಕಿತ್ಸೆ ಫಲಿಸಿತೇ ಎಂದು ನೋಡಲು ಪಿಸಿಆರ್ ಅಲ್ಲ, ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ಕಫ ನೋಡುವುದು) ಮತ್ತು ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಬೇಕು.